ಕೌದಿ ಹೊದ್ದ ಪೆಟ್ಟಿಗೆ

ರಾಯಚೂರಿನಲ್ಲಿ ಮದುವೆಯ ವಿಡಿಯೊ ತೆಗೆಯುವವರಿಗೆ ಬರವಿಲ್ಲ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವ ಮಿಕ್ಸಿಂಗ್ ಅಂಗಡಿಗಳಿಗೂ ಬರವಿಲ್ಲ. ಆದರೆ ಗಂಡಸರ ಕಣ್ಣಿಗೆ ಬೀಳಬಾರದ ವಿಡಿಯೊ ಇದ್ದರೆ ಅದು ಬರುವುದು ಒಂದೇ ಮನೆಗೆ. ತೀನ್ ಕಂದಿಲ್ ಹತ್ತಿರದ ಓಣಿಯಲ್ಲಿ ಚಪ್ಪಲಿ ಅಂಗಡಿಯ ಜಮೀರನ ಮನೆ ಇದೆ. ಆ ಮನೆಯ ಹಿಂದಿನ ಕೋಣೆಯಲ್ಲಿ ಜಮೀರನ ಹೆಂಡತಿ ಮುಸರ್ರತ್ ಕಂಪ್ಯೂಟರಿನ ಮುಂದೆ ಕೂತಿರುತ್ತಾಳೆ.

ಮುಸರ್ರತ್ ಹುಟ್ಟಿದ್ದು ಮಾನ್ವಿ ಕಡೆಯ ಕುರ್ಡಿಯಲ್ಲಿ. ಹತ್ತನೆಯ ತರಗತಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಶಾಲೆ ಬಿಟ್ಟಳು. ಮತ್ತೊಮ್ಮೆ ಪರೀಕ್ಷೆ ಕಟ್ಟಬಹುದಿತ್ತು. ಆದರೆ ಅರ್ಜಿ ತರಬೇಕಾದರೆ ಶಾಲೆಯ ಗುಮಾಸ್ತನ ಜೊತೆ ಮಾತಾಡಬೇಕಿತ್ತು. ಅದಕ್ಕಿಂತ ಮದುವೆಯಾಗುವುದೇ ಸುಲಭ ಎನಿಸಿತು. ಈಗ ಮೂವತ್ತಾರು ವರ್ಷವಾದರೂ ಗುರುತಿಲ್ಲದವರಿಗೆ ಫೋನ್ ಮಾಡುವ ಮೊದಲು ಆಡಬೇಕಾದ ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ. ಆ ಕಡೆಯವರು ಚೀಟಿಯಲ್ಲಿಲ್ಲದ ಪ್ರಶ್ನೆ ಕೇಳಿದಾಗ, ಫೋನ್ ಮಾಡಿದವಳು ತಾನೇ ಆಗಿದ್ದರೂ ‘ರಾಂಗ್ ನಂಬರ್’ ಎಂದು ಇಟ್ಟುಬಿಟ್ಟದ್ದುಂಟು.

ಇಂಥವಳಿಗೆ ಈ ಕಸುಬು ಕೂಡಿಬಂದದ್ದು ಒಂದು ಪದ್ಧತಿಯಿಂದ. ಬಿಗಿಯಾಗಿ ಪರದೆ ಪಾಲಿಸುವ ಮನೆಗಳಲ್ಲಿ ಮದುವೆಯ ಹೆಂಗಸರ ಕಡೆಯ ಶೂಟಿಂಗಿಗೆ ಹೆಣ್ಣುಮಗಳನ್ನೇ ಕರೆಸುತ್ತಾರೆ. ಕರೆಸಿ ಏನು ಬಂತು? ಆಮೇಲೆ ಅದನ್ನು ಮಿಕ್ಸಿಂಗ್ ಅಂಗಡಿಯ ನಾಲ್ಕು ಗಂಡಸರು ಚಹಾ ಕುಡಿಯುತ್ತ ನೋಡುತ್ತಾರೆ. ಮಾನ್ವಿಯ ಫೋಟೊಗ್ರಾಫರ್ ಹುಸೇನಪೀರ ಎಂಟು ವರ್ಷದ ಹಿಂದೆ ಇದನ್ನೇ ಯೋಚಿಸುತ್ತ ಜಮೀರನ ಅಂಗಡಿಗೆ ಚಪ್ಪಲಿ ಕೊಳ್ಳಲು ಬಂದಿದ್ದ. ಹೆಂಡತಿ ಕಂಪ್ಯೂಟರಿನಲ್ಲಿ ಮೆಹಂದಿಯ ಚಿತ್ರ ಬಿಡಿಸುತ್ತಾಳೆ ಎಂದು ಜಮೀರ್ ಬಾಯಿಬಿಟ್ಟ. ಅಲ್ಲಿಂದ ಶುರುವಾಯಿತು. ಇಂದು ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಕಡೆಯ ಹೆಂಗಸರ ಪಾಲಿನ ಮದುವೆಗಳು ಅವಳ ಕೋಣೆಯಲ್ಲಿ ಕೂಡುತ್ತವೆ. ಯಾರ ಜೊತೆಗೂ ಮಾತಾಡಲು ಹೆದರುವ ಮುಸರ್ರತ್‌ಗೆ ಮೂರು ತಾಲ್ಲೂಕುಗಳ ನಾನೂರು ಮದುವಣಗಿತ್ತಿಯರ ಮುಖ ಗುರುತು. ಬಜಾರಿನಲ್ಲಿ ಅವರು ಎದುರಾದರೆ ಇವಳು ನಗುತ್ತಾಳೆ. ಅವರು ಯಾರಿವಳು ಎಂದು ನೋಡುತ್ತಾರೆ.

ಕೆಲಸ ತೆಗೆದುಕೊಳ್ಳುವಾಗ ಅವಳು ಒಂದು ಮಾತು ಕೊಡುತ್ತಾಳೆ: ಮಿಕ್ಸಿಂಗ್ ಮುಗಿಸಿ ನಿಮ್ಮ ಕೈಗಿಡುವವರೆಗೆ ಈ ವಿಡಿಯೊ ನನ್ನ ಕೋಣೆ ಬಿಟ್ಟು ಹೋಗುವುದಿಲ್ಲ, ಗಂಡಸರ ಕಣ್ಣಿಗೆ ಬೀಳುವುದಿಲ್ಲ. ಆ ಮಾತಿಗೆ ಕಟ್ಟುಬಿದ್ದು ತನಗೆ ತಾನೇ ಇನ್ನೊಂದು ನಿಯಮ ಹಾಕಿಕೊಂಡಿದ್ದಳು. ಯಾವ ವಿಡಿಯೊವನ್ನೂ ಎರಡು ಕಡೆ ಇಡಬಾರದು. ಎರಡು ಪ್ರತಿ ಎಂದರೆ ಕಾಯಬೇಕಾದ ಬಾಗಿಲು ಎರಡು. ಹಾಗಾಗಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಈ ನಿಯಮ ಮಾಡಿಕೊಂಡ ದಿನ ತಾನು ಬಹಳ ಜಾಣೆ ಎಂದು ಅವಳಿಗೆ ಅನಿಸಿತ್ತು.

ಪೆಟ್ಟಿಗೆ ಎಂದರೆ ನಾಲ್ಕು ಹಾರ್ಡ್ ಡಿಸ್ಕುಗಳನ್ನು ಪಕ್ಕಪಕ್ಕ ತೂರಿಸಿಟ್ಟ ಒಂದು ಕಪ್ಪು ಡಬ್ಬ. ಕಂಪ್ಯೂಟರಿನವರು ಅದಕ್ಕೆ ರೇಡ್ ಎನ್ನುತ್ತಾರೆ. ಅದನ್ನು ಮಾರಿದ ಯಲ್ಲಾಲಿಂಗ ವಿವರಿಸಿದಾಗ ಮುಸರ್ರತ್ ತನಗೆ ತಿಳಿಯುವ ಹಾಗೆ ಅರ್ಥ ಮಾಡಿಕೊಂಡಿದ್ದಳು. ನಾಲ್ವರು ನೆಗೆಣ್ಣಿಯರು ಸೇರಿ ಒಂದು ಢೋಲಕ್ ಹಾಡು ಹಂಚಿಕೊಂಡು ಬಾಯಿಪಾಠ ಮಾಡಿದ್ದಾರೆ. ಒಬ್ಬಳು ಎದ್ದುಹೋದರೆ ಉಳಿದ ಮೂವರು ಸೇರಿ ಅವಳ ಸಾಲನ್ನೂ ನೆನಪಿಸಿಕೊಳ್ಳುತ್ತಾರೆ, ಹೊಸದಾಗಿ ಬಂದವಳಿಗೆ ಕಲಿಸುತ್ತಾರೆ. ಆದರೆ ಕಲಿಸುವ ಹೊತ್ತಿಗೆ ಇನ್ನೊಬ್ಬಳು ಎದ್ದುಹೋದರೆ ಹಾಡು ಮುಗಿಯಿತು.

ಈ ವರ್ಷ ರಂಜಾನ್ ಮುಗಿದದ್ದೇ ತಡ, ಮದುವೆಗಳು ಸಾಲುಗಟ್ಟಿ ಬಂದವು. ಮೇ ತಿಂಗಳಿಗೆ ಪೆಟ್ಟಿಗೆ ನೂರಕ್ಕೆ ತೊಂಬತ್ತೆಂಟು ಪಾಲು ತುಂಬಿತು. ಕೊನೆಗೆ ಬಂದದ್ದು ಮಾನ್ವಿಯ ಕುಬ್ರಾ ಬೇಗಂ ಅವರ ಮಗಳು ತಹಸೀನ್‌ಳ ಮದುವೆ. ಶೂಟಿಂಗಿಗೆ ಹೋದ ಹೆಣ್ಣುಮಗಳು ಲಕೋಟೆಯಲ್ಲಿ ಮುಚ್ಚಿ ಕೊಟ್ಟ ಕ್ಯಾಮೆರಾದ ಕಾರ್ಡುಗಳನ್ನು ಹುಸೇನಪೀರ ತಂದುಕೊಟ್ಟ, ಮುಸರ್ರತ್ ಪೆಟ್ಟಿಗೆಗೆ ಇಳಿಸಿಕೊಂಡಳು, ಅವಳ ಎದುರಿಗೇ ಅವನು ಕಾರ್ಡುಗಳನ್ನು ಅಳಿಸಿದ. ಹಾಗೆ ಅಳಿಸಬೇಕೆಂಬುದು ಅವಳದೇ ಕರಾರು. ಅಲ್ಲಿಗೆ ತಹಸೀನ್‌ಳ ಮದುವೆಯ ಹೆಂಗಸರ ಪಾಲು ಭೂಮಿಯ ಮೇಲೆ ಉಳಿದದ್ದು ಆ ಡಬ್ಬದಲ್ಲಿ ಮಾತ್ರ.

ಜಾಗ ದೊಡ್ಡದು ಮಾಡದೆ ಗತಿಯಿರಲಿಲ್ಲ. ಚೀಟಿ ಬರೆದುಕೊಂಡು ಯಲ್ಲಾಲಿಂಗನ ಅಂಗಡಿಗೆ ಹೋದಳು. ಯಲ್ಲಾಲಿಂಗ ದೇವದುರ್ಗದವನು, ದಿನಾ ಬಸ್ಸಿಗೆ ಬಂದು ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ತೆರೆಯುತ್ತಾನೆ. ಅವನು ಇವಳನ್ನು ಅಕ್ಕ ಎನ್ನುತ್ತಾನೆ, ಇವಳು ಅವನನ್ನು ಅಣ್ಣ ಎನ್ನುತ್ತಾಳೆ. ಇಬ್ಬರಲ್ಲಿ ಹಿರಿಯರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ.

“ಪೆಟ್ಟಿಗಿ ತಂದು ಇಲ್ಲಿ ಇಡ್ರಿ ಅಕ್ಕಾ. ನಾಕು ದಿನ ಬಿಟ್ಟು ಬರ್ರಿ. ದೊಡ್ಡ ಡಿಸ್ಕ್ ಹಾಕಿ ಕೊಡ್ತೀನಿ.”

“ಬ್ಯಾಡಣ್ಣ. ಅದು ಮನಿ ಬಿಟ್ಟು ಬರಂಗಿಲ್ಲ.”

“ನಾ ಏನು ತೆಗೆದು ನೋಡಂಗಿಲ್ರಿ. ನನಗ ಅದರಾಗ ಕಾಣೋದು ಬರೇ ಸೊನ್ನಿ, ಒಂದು, ಸೊನ್ನಿ, ಒಂದು.”

“ಆ ಸೊನ್ನಿ–ಒಂದರಾಗೇ ಹೆಣ್ಣಮಕ್ಕಳದಾರ ಅಣ್ಣ.”

“ಆತು, ನಾನೇ ಮನಿಗಿ ಬರ್ತೀನಿ.”

ಈ ಮಾತಿಗೆ ಉತ್ತರ ಚೀಟಿಯಲ್ಲಿರಲಿಲ್ಲ. ಮುಸರ್ರತ್ ಚೀಟಿಯನ್ನು ಹೊರಳಿಸಿ ನೋಡಿದಳು, ಹಿಂದೆಯೂ ಇರಲಿಲ್ಲ. ಕೊನೆಗೆ “ನನಗ ಹೇಳಿಕೊಡ್ರಿ, ನಾನೇ ಮಾಡ್ತೀನಿ” ಎಂದಳು. ಹೇಳಿದ ಮೇಲೆ ತನಗೇ ಗಾಬರಿಯಾಯಿತು.

ಯಲ್ಲಾಲಿಂಗ ಹೇಳಿಕೊಟ್ಟ. ನಾಲ್ಕು ಹಳೆಯ ಡಿಸ್ಕುಗಳನ್ನು ಒಂದೇ ಸಲಕ್ಕೆ ತೆಗೆಯಬಾರದು. ಒಂದನ್ನು ತೆಗೆದು ಅದರ ಜಾಗಕ್ಕೆ ದೊಡ್ಡದನ್ನು ತೂರಿಸಬೇಕು. ಉಳಿದ ಮೂರು ಸೇರಿ ಹೊಸದನ್ನು ತುಂಬಿಸುವವರೆಗೆ, ಸುಮಾರು ಹತ್ತು ತಾಸು, ಕಾಯಬೇಕು. ಆಮೇಲೆ ಎರಡನೆಯದು. ದಿನಕ್ಕೊಂದರಂತೆ ನಾಲ್ಕು ದಿನ. ಅವಳು ನೋಟ್‌ಬುಕ್ಕಿನಲ್ಲಿ ಹದಿನೇಳು ಹೆಜ್ಜೆ ಬರೆದುಕೊಂಡು ಅವನ ಮುಂದೆ ಹಿಡಿದಳು.

“ಹನ್ನೊಂದನೇದು, ಉಸಿರು ಬಿಗಿಹಿಡಿಯಬೇಕು.” ಯಲ್ಲಾಲಿಂಗ ತಲೆಯೆತ್ತಿದ. “ಇದು ನಾ ಹೇಳಿಲ್ಲರಿ.”

“ಅದು ನನ್ನ ಸಲುವಾಗಿ ಬರಕೊಂಡಿದ್ದು.”

“ಇರಲಿ ಬಿಡ್ರಿ. ಆದ್ರ ಒಂದು ಮಾತು. ಶುರು ಮಾಡೂಕಿಂತ ಮೊದಲು ಮುಖ್ಯ ಇರೋದನ್ನೆಲ್ಲ ಬ್ಯಾರೆ ಡಿಸ್ಕಿಗಿ ಒಂದು ಕಾಪಿ ಮಾಡ್ರಿ. ಆಮ್ಯಾಲ ಆ ಹತ್ತು ತಾಸು ಪೆಟ್ಟಿಗಿ ಅಂದ್ರ ಬಾಣಂತಿ ಇದ್ದಂಗ. ಅಲುಗಾಡಸಬ್ಯಾಡ್ರಿ, ಮುಟ್ಟಬ್ಯಾಡ್ರಿ, ಯಾರನ್ನೂ ಹತ್ರ ಬಿಡಬ್ಯಾಡ್ರಿ.”

ಕಾಪಿಯ ಮಾತನ್ನು ಅವಳು ನಿಯಮಕ್ಕೆ ವಿರುದ್ಧವೆಂದು ಬರೆದುಕೊಳ್ಳಲೇ ಇಲ್ಲ. ಬಾಣಂತಿಯ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು. ಅರ್ಥವಾಗದಿದ್ದರೆ ಒಳ್ಳೆಯದಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲ ಡಿಸ್ಕನ್ನು ಬದಲಿಸಿದಳು. ಪೆಟ್ಟಿಗೆ ಇರುವುದು ಕಬ್ಬಿಣದ ಅಲ್ಮಾರಿಯ ನಡುವಿನ ಖಾನೆಯಲ್ಲಿ. ಧೂಳು ಕೂಡದಿರಲೆಂದು ಮೇಲೊಂದು ಲೇಸಿನ ಬಟ್ಟೆ; ವೈರು ಹೋಗಲೆಂದು ಬಾಗಿಲು ಯಾವಾಗಲೂ ಅರ್ಧ ತೆರೆದಿರುತ್ತದೆ. “ಡಬ್ಬಿಗೂ ಪರದಾ ಹಾಕೀಯಲ್ಲ” ಎಂದು ಜಮೀರ್ ನಗುವುದುಂಟು. ಕಂಪ್ಯೂಟರಿನ ಪರದೆಯ ಮೇಲೆ ‘ಡಿಗ್ರೇಡೆಡ್’ ಎಂದು ಕೆಂಪಕ್ಷರ ಬಂತು. ಒಂದು ಡಿಸ್ಕು ಕಡಿಮೆ ಇದೆ ಎಂದು ಅದರರ್ಥ. ಮುಸರ್ರತ್‌ಗೆ ಮಾತ್ರ ಯಾರೋ ತನಗೇ ಬೈದ ಹಾಗಾಯಿತು. ಸಂಜೆ ನಾಲ್ಕಕ್ಕೆ ಕೆಂಪು ಹೋಗಿ ಹಸಿರಾಯಿತು. ಖುಷಿಯಿಂದ ಜಾಗ ಎಷ್ಟಾಗಿದೆ ಎಂದು ನೋಡಿದಳು. ತೊಂಬತ್ತೆಂಟಕ್ಕೆ ತೊಂಬತ್ತೆಂಟು. ಒಂದು ಬೊಟ್ಟಿನಷ್ಟೂ ಹೆಚ್ಚಿರಲಿಲ್ಲ. ಚೀಟಿ ಬರೆದುಕೊಂಡು ಯಲ್ಲಾಲಿಂಗನಿಗೆ ಫೋನ್ ಮಾಡಿದಳು.

“ಅಣ್ಣ, ಡಿಸ್ಕ್ ದೊಡ್ಡದು ಹಾಕಿದ್ರೂ ಜಾಗ ಅಷ್ಟೇ ಅದ.”

“ನಾಕೂ ದೊಡ್ಡವಾಗೋತನ ಅಷ್ಟೇ ಇರ್ತದರಿ. ಎಲ್ಲಾರಕಿಂತ ಸಣ್ಣದು ಎಷ್ಟದನೋ ಅಷ್ಟೇ ಲೆಕ್ಕ. ನಾಕನೇದು ಆದ ಮ್ಯಾಲ ‘ಎಕ್ಸ್‌ಪ್ಯಾಂಡ್’ ಅಂತ ಒತ್ತಬೇಕು. ಹದಿನೇಳನೇ ಹೆಜ್ಜಿ ನೋಡ್ರಿ.”

ನೋಡಿದಳು. ತನ್ನದೇ ಅಕ್ಷರ, ಕೆಳಗೆ ಎರಡು ಗೆರೆ ಎಳೆದಿದ್ದಳು.

ಮಂಗಳವಾರ ಎರಡನೆಯ ಡಿಸ್ಕು ಹಾಕಿ ಕೂತಿದ್ದಾಗ ಎಂಟು ಗಂಟೆಗೆ ಕುಬ್ರಾ ಬೇಗಂ ಫೋನ್ ಮಾಡಿದರು. ಅವರು ಗಂಡ ಶಂಶುದ್ದೀನರ ಜೊತೆ ಮಾನ್ವಿ ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸುವವರು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಮನೆಯವರ ಜೊತೆಗೂ ದಖನಿ ಉರ್ದು ಬಿಟ್ಟು ಅಂಗಡಿಯ ಕನ್ನಡವೇ ಬಾಯಿಗೆ ಬರುತ್ತದೆ.

“ಮುಸರ್ರತ್, ಮಧ್ಯಾಹ್ನ ಬರಾಕತ್ತೀನಿ ನೋಡು. ಆದಷ್ಟು ತೋರಸು. ಮಗಳು ನೆನಪಾಗ್ತಾಳ.”

ಬೇಡ ಎನ್ನಲು ಚೀಟಿ ಬರೆಯುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು.

ಪೆಟ್ಟಿಗೆ ಬಾಣಂತಿ, ಮನೆಗೆ ಅತಿಥಿ. ಬಂದವರು ಸುಮ್ಮನೆ ಕೂರುವುದಿಲ್ಲ, ಅದೇನು ಇದೇನು ಎಂದು ಮುಟ್ಟುತ್ತಾರೆ. ಹೊಸ ಡಿಸ್ಕು ಬೇರೆ ಕರ್ರ್ ಕರ್ರ್ ಎನ್ನುತ್ತಿತ್ತು; ಕೇಳಿದವರು ಏನೆಂದುಕೊಂಡಾರು? ಮುಸರ್ರತ್‌ಗೆ ಕುರ್ಡಿಯಲ್ಲಿ ತಾನು ಬಾಣಂತಿಯಾಗಿದ್ದದ್ದು ನೆನಪಾಯಿತು. ಆಗಲೂ ಮೇ ತಿಂಗಳೇ. ತಾಯಿ ಬಡೇಬೀ ಕಿವಿಗೆ ಬಟ್ಟೆ ಕಟ್ಟಿ, ಕೌದಿ ಹೊದಿಸಿ, ಗಾಳಿ ಸೋಕದಂತೆ ಬಾಗಿಲು ಹಾಕಿ ನಲವತ್ತು ದಿನ ಕಾದಿದ್ದಳು. ಅದೇ ಕೌದಿ ಅಲ್ಮಾರಿಯ ಮೇಲಿನ ಖಾನೆಯಲ್ಲಿತ್ತು. ಮುಸರ್ರತ್ ಅದನ್ನು ತೆಗೆದು ಎರಡು ಮಡಿಕೆ ಮಾಡಿ ಪೆಟ್ಟಿಗೆಗೆ ಹೊದಿಸಿದಳು. ಸದ್ದು ನಿಂತಿತು. ವೈರಿಗೆ ಒಂದು ಸಂದಿ ಬಿಟ್ಟು ಬಾಗಿಲು ಒತ್ತಿ ಬೀಗ ಹಾಕಿದಳು. ಕಂಪ್ಯೂಟರ್ ಬಿಸಿಯಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಟು ವರ್ಷದಿಂದ ಅದರ ಮುಂದೆ ಕೂತವಳು. ಆದರೆ ಆ ಹೊತ್ತಿಗೆ ಅವಳು ಕಂಪ್ಯೂಟರಿನ ಬಗ್ಗೆ ಯೋಚಿಸುತ್ತಿರಲಿಲ್ಲ, ಬಾಣಂತನದ ಬಗ್ಗೆ ಯೋಚಿಸುತ್ತಿದ್ದಳು.

ಹನ್ನೆರಡಕ್ಕೆ ಅಲ್ಮಾರಿಯ ಒಳಗಿನಿಂದ ಚೀಂ ಚೀಂ ಎಂದು ಕೂಗು ಬಂತು. ಬೀಗ ತೆಗೆಯುವಷ್ಟರಲ್ಲಿ ಕೂಗು ನಿಂತಿತು. ಕೌದಿ ಸರಿಸಿದರೆ ಒಂದು ದೀಪವೂ ಉರಿಯುತ್ತಿರಲಿಲ್ಲ. ಚೀಟಿ ಬರೆಯದೆ ಯಲ್ಲಾಲಿಂಗನಿಗೆ ಫೋನ್ ಮಾಡಿದಳು; ಪರರಿಗೆ ಹಾಗೆ ಮಾಡಿದ್ದು ಅವಳ ಬಾಳಿನಲ್ಲಿ ಅದೇ ಮೊದಲು.

“ಹೇಳ್ರಿ ಅಕ್ಕಾ. ಇವತ್ತು ಲೇಟಾತು, ಬಸ್ಸಿನಾಗದೀನಿ. ಗಬ್ಬೂರು ದಾಟಾಕತ್ತದ.”

“ಅಣ್ಣ, ಪೆಟ್ಟಿಗಿ ಸತ್ತದ.”

“ಕರೆಂಟ್ ಹೋಯ್ತೇನು?”

“ಇಲ್ಲ. ಚೀರಿತು, ಸತ್ತಿತು.”

“ಮುಟ್ಟಿ ನೋಡ್ರಿ, ಬಿಸಿ ಅದೇನು?”

“ಮುಟ್ಟಬ್ಯಾಡ ಅಂದಿದ್ರಿ.”

“ಈಗ ಮುಟ್ರಿ!”

ಮುಟ್ಟಿದಳು. “ರೊಟ್ಟಿ ಹಂಚು ಆಗ್ಯಾದ.”

“ಎಲ್ಲಿ ಇಟ್ಟೀರಿ?”

“ಅಲ್ಮಾರ್‍ಯಾಗ.”

“ಬಾಗಿಲು?”

“ಬೀಗ ಹಾಕಿದ್ದೆ.”

“ಮ್ಯಾಲ ಏನರ ಹೊಚ್ಚಿದ್ರೇನು?”

ಮುಸರ್ರತ್ ಮೆಲ್ಲಗೆ ಹೇಳಿದಳು. ಬಸ್ಸಿನ ಹಾರನ್ನು ನಡುವೆ ಬಂತು.

“ಏನಂದ್ರಿ? ಕೇಳಸವಲ್ದು!”

“ಕೌದಿ ಅಣ್ಣ! ಕೌದಿ! ಕೌದಿ ಹೊಚ್ಚಿದ್ದೆ!” ಅವಳ ದನಿ ಅಷ್ಟು ಜೋರಾಗಿ ಇರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಓಣಿಯಲ್ಲಿ ಕಾಯಿಪಲ್ಲೆ ಮಾರುವವನು ತನ್ನ ಕೂಗು ನಿಲ್ಲಿಸಿದ.

ಯಲ್ಲಾಲಿಂಗ ಬಹಳ ಮೆತ್ತಗೆ “ಅಕ್ಕಾ, ಮೇ ತಿಂಗಳದರಿ” ಎಂದ.

“ನೀವೇ ಬಾಣಂತಿ ಅಂದ್ರಿ.”

“ತಪ್ಪಾತು, ನಂದೇ ತಪ್ಪು. ಕೇಳ್ರಿ, ಅದು ಸತ್ತಿಲ್ಲ. ಸೆಖಿ ತಾಳಲಾರದ ತಾನೇ ಬಂದ್ ಆಗ್ಯಾದ. ಹೊರಗ ತಂದು ಗಾಳಿಗಿಡ್ರಿ. ಒಂದು ತಾಸು ಬಿಟ್ಟು ಆನ್ ಮಾಡ್ರಿ, ನಿಂತಲ್ಲಿಂದ ಮತ್ತ ಶುರು ಆಗ್ತದ. ಉಳಿದ ಮೂರರಾಗ ಒಂದಕ್ಕೂ ಪೆಟ್ಟು ಬಿದ್ದಿರಬಾರದು, ಅಷ್ಟ.”

“ಬಿದ್ದಿದ್ರ?”

“ಕಾಪಿ ಮಾಡಿಟ್ಟೀರಲ್ಲ, ಅದರಿಂದ—” ಎನ್ನುವಷ್ಟರಲ್ಲಿ ಲೈನು ಹೋಯಿತು. ಹೋದದ್ದು ಒಳ್ಳೆಯದೇ ಆಯಿತು, ಉತ್ತರ ಕೊಡಬೇಕಾಗಲಿಲ್ಲ.

ಪಡಸಾಲೆಯ ಕೂಲರನ್ನು ಕೋಣೆಗೆ ಎಳೆದು ತಂದು, ಪೆಟ್ಟಿಗೆಯನ್ನು ಅಲ್ಮಾರಿಯಿಂದ ತೆಗೆದು ಅದರ ಮುಂದೆ ಸ್ಟೂಲಿನ ಮೇಲಿಟ್ಟಳು. ಕೂಲರಿನ ನೀರು ಸಿಡಿಯದಂತೆ ನಡುವೆ ತಾನು ಕೂತಳು. ಆಗ ಗಾಳಿಯೆಲ್ಲ ತನಗೇ ಬೀಸಿತು. ಎದ್ದು ಸ್ಟೂಲನ್ನು ಹಿಂದಕ್ಕೆ ಜರುಗಿಸಿದಳು. ತಹಸೀನ್‌ಳ ಮದುವೆಯನ್ನು ಮತ್ತೆ ಮಾಡಲಾಗುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕುಬ್ರಾ ಬೇಗಂ ಬರುವುದರೊಳಗೆ ಒಂದು ಚೀಟಿ ಬರೆದಳು: ‘ಖಾಲಾ, ಬಣ್ಣ ಸರಿಮಾಡುವ ಕೆಲಸ ನಡೆದದ. ಎಂಟು ದಿನ ಬೇಕು.’

ಒಂದು ಗಂಟೆಗೆ ಕುಬ್ರಾ ಬೇಗಂ ಬಂದರು. ಬುರ್ಖಾ ತೆಗೆದು, ನೀರು ಕುಡಿದು, ಸ್ಟೂಲಿನ ಮೇಲಿದ್ದ ಡಬ್ಬವನ್ನೂ ಅದರ ಕಡೆ ತಿರುಗಿದ್ದ ಕೂಲರನ್ನೂ ನೋಡಿದರು. “ಬಂದವರಿಗಿ ಸೆಖಿ, ಡಬ್ಬಿಗಿ ಗಾಳಿ. ಚಲೋ ಮನಿ ಇದು.”

ಮುಸರ್ರತ್ ಚೀಟಿ ಓದತೊಡಗಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕುಬ್ರಾ ಬೇಗಂ ಚೀಟಿಯನ್ನು ಕಸಿದುಕೊಂಡು ತಾವೇ ಓದಿದರು.

“ಸುಳ್ಳನ್ನೂ ಬರಕೊಂಡು ಹೇಳ್ತಿ ಏನವ್ವಾ? ನಮ್ಮಂಗಡಿ ಹುಡುಗರು ಬಾಯಿಪಾಠ ಹೇಳ್ತಾರ. ನಿಜ ಏನದ ಹೇಳು.”

ನಿಜವನ್ನು ಬರೆದುಕೊಂಡಿರಲಿಲ್ಲ. ಆದರೂ ಅದು ತಾನಾಗಿಯೇ ಹೊರಗೆ ಬಂತು: ಜಾಗ ತುಂಬಿದ್ದು, ಡಿಸ್ಕು, ಬಾಣಂತಿ, ಕೌದಿ, ಬೀಗ, ಕಾಪಿ ಮಾಡದೆ ಇದ್ದದ್ದು.

“ಅದಾವೋ, ಹೋದವೋ?”

“ಗೊತ್ತಿಲ್ಲ ಖಾಲಾ.”

ಕುಬ್ರಾ ಬೇಗಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. “ಚಾಲೂ ಮಾಡು” ಎಂದರು.

ಮುಸರ್ರತ್ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಒಂದು ಹಸಿರು ದೀಪ ಹತ್ತಿತು. ಇನ್ನೊಂದು ಹತ್ತಿತು. ಮೂರನೆಯದು ಹತ್ತಲು ತಡಮಾಡಿತು. ಅಷ್ಟರಲ್ಲಿ ಕುಬ್ರಾ ಬೇಗಂ ಅವಳ ಮೊಣಕೈ ಹಿಡಿದಿದ್ದರು. ಹತ್ತಿತು. ಹೊಸ ಡಿಸ್ಕಿನ ಹಳದಿ ದೀಪ ಮಿಣುಕತೊಡಗಿತು. ಪರದೆಯ ಮೇಲೆ ಅರವತ್ತೊಂದು ಎಂದು ಬಂತು. ನೂರು ಮುಟ್ಟಿದರೆ ಮಾತ್ರ ಎಲ್ಲ ಸರಿಯಿದೆ ಎಂದರ್ಥ; ಅದಕ್ಕಿನ್ನೂ ನಾಲ್ಕು ತಾಸು.

ಅರವತ್ತಾರಕ್ಕೆ ಬಂದಾಗ ಕರೆಂಟ್ ಹೋಯಿತು. ಪೆಟ್ಟಿಗೆ, ಕಂಪ್ಯೂಟರ್ ಎರಡೂ ಇನ್ವರ್ಟರಿನ ಮೇಲಿದ್ದವು, ನಿಲ್ಲಲಿಲ್ಲ. ಕೂಲರ್ ನಿಂತಿತು. ಮುಸರ್ರತ್ ಬೀಸಣಿಗೆ ತಂದು ಪೆಟ್ಟಿಗೆಗೆ ಗಾಳಿ ಹಾಕತೊಡಗಿದಳು. ಹತ್ತು ನಿಮಿಷಕ್ಕೆ ಕೈ ಸೋತಿತು. ಕುಬ್ರಾ ಬೇಗಂ ಬೀಸಣಿಗೆ ಕಿತ್ತುಕೊಂಡರು.

“ಕೊಡು ಇಲ್ಲಿ. ನೀ ನೊಣ ಹೊಡದಂಗ ಹೊಡಿಯಾಕತ್ತಿ.” ನಾಲ್ಕು ಬೀಸು ಬೀಸಿ ಕೇಳಿದರು, “ಅಲ್ಲಾ, ಒಂದು ಕಾಪಿ ಮಾಡಿಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?”

“ಯಾರ ಕಣ್ಣಿಗರ ಬಿದ್ದೀತು ಅಂತ, ಖಾಲಾ.”

“ಯಾರ ಕಣ್ಣಿಗಿ?” ಬೀಸಣಿಗೆ ನಿಂತಿತು. “ನಿಕಾಹ ಆಗಿ ಒಂದು ತಾಸಿಲ್ಲ, ನನ್ನ ತಂಗಿ ಮಗಳು ಹೆಂಗಸರ ಕಡೀದೆಲ್ಲ ಫೋನಿನಾಗ ತೆಗೆದು ಸ್ಟೇಟಸಿಗಿ ಹಾಕಿದ್ಲು. ಬೈದು ತೆಗಸೋದ್ರಾಗ ಅರ್ಧ ಮಾನ್ವಿ ನೋಡಿತ್ತು. ನೀರಮಾನ್ವಿಯಿಂದ ಹಾಲು ತರ್ತಾನ ನೋಡು ಮೌನಪ್ಪ, ಮರುದಿನ ಬಂದು ‘ಯವ್ವಾ, ಮಗಳ ಶಾಲು ಬಾಳ ಚಲೋ ಇತ್ತುರಿ’ ಅಂದ!”

ಮುಸರ್ರತ್ ನೆಲ ನೋಡಿದಳು. ಲೇಸಿನ ಬಟ್ಟೆ, ಬೀಗ, ಅಳಿಸಿದ ಕಾರ್ಡು, ಹದಿನೇಳು ಹೆಜ್ಜೆ. ಇವಳು ಇಷ್ಟೆಲ್ಲ ಕಟ್ಟಿ ಕಾಯುತ್ತಿದ್ದ ಮದುವೆ ಆಗಲೇ ಹಾಲಿನ ಕ್ಯಾನಿನ ಜೊತೆ ಊರೂರು ತಿರುಗಿ ಬಂದಿತ್ತು. ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

“ಹಂಗಾದ್ರ ನನಗ ಯಾಕ ಕೊಟ್ರಿ ಖಾಲಾ?”

“ಸ್ಟೇಟಸ್ ಒಂದಿನಕ್ಕ ಹೋಗ್ತದ. ನಾಳೆ ತಹಸೀನ್‌ಗ ಮಕ್ಕಳಾಗಿ, ಅಮ್ಮಿ ಮದುವಿ ತೋರಸು ಅಂದ್ರ ನಾ ಏನು ತೋರಸ್ಲಿ?” ಕುಬ್ರಾ ಬೇಗಂ ಮತ್ತೆ ಬೀಸತೊಡಗಿದರು. “ಮುಚ್ಚಿಡ್ತಿ ಅಂತ ಅಷ್ಟೇ ಅಲ್ಲವ್ವಾ. ಇಡ್ತಿ ಅಂತ ಕೊಟ್ಟೀನಿ.”

ಆಮೇಲೆ ಇಬ್ಬರೂ ಸರದಿಯ ಮೇಲೆ ಬೀಸಿದರು. ಮೂರಕ್ಕೆ ಕರೆಂಟ್ ಬಂದರೂ ಕೂಲರನ್ನು ನಂಬದೆ ಕುಬ್ರಾ ಬೇಗಂ ಇನ್ನೂ ಅರ್ಧ ತಾಸು ಬೀಸಿದರು. ಐದೂ ಕಾಲಿಗೆ ಕೆಂಪಕ್ಷರ ಹೋಗಿ ನಾಲ್ಕೂ ದೀಪ ಹಸಿರಾದವು.

“ತೋರಸು” ಎಂದರು ಅವರು.

ಮುಸರ್ರತ್ ತಹಸೀನ್‌ಳ ಮದುವೆ ತೆರೆದಳು. ತೆರೆಯಿತು. ಮೊದಲ ಫೈಲು, ಕೊನೆಯ ಫೈಲು, ನಡುವಿನದೊಂದು, ಎಲ್ಲವೂ ಓಡಿದವು. ಮೊದಲಿನಿಂದ ಹಾಕಿದಳು. ಹೆಂಗಸರು ಬಂದು ಕೂತರು. ಹೆಂಗಸರು ಎದ್ದು ಬೇರೆ ಕಡೆ ಕೂತರು. ಯಾರೋ ಯಾರದೋ ಚಪ್ಪಲಿ ಹುಡುಕಿದರು. ದಸ್ತರಖಾನ ಹಾಸಿದರು, ಉಂಡರು, ಮತ್ತೆ ಹಾಸಿದರು. ಜೀವ ಬಿಗಿಹಿಡಿದು ಕಾದ ಈ ಅಮೂಲ್ಯ ವಸ್ತುವಿನಲ್ಲಿ ನಲವತ್ತು ನಿಮಿಷ ಬರೀ ಊಟವೇ ಇದೆ ಎಂಬುದು ಮುಸರ್ರತ್‌ಗೆ ಈಗಷ್ಟೇ ಹೊಳೆಯಿತು. ಮೆಚ್ಚುಗೆಗೆಂದು ಪಕ್ಕಕ್ಕೆ ತಿರುಗಿದಳು. ಕುಬ್ರಾ ಬೇಗಂ ಬೀಸಣಿಗೆಯನ್ನು ಎದೆಗೆ ಆನಿಸಿಕೊಂಡು ನಿದ್ದೆ ಹೋಗಿದ್ದರು.

ಅವಳು ಎಬ್ಬಿಸಲಿಲ್ಲ. ಸದ್ದು ತಗ್ಗಿಸಿ, ಮೇಜಿನ ಖಾನೆಯಿಂದ ಅಂಗೈಯಷ್ಟಗಲದ ಒಂದು ಡಿಸ್ಕು ತೆಗೆದು ವೈರು ಚುಚ್ಚಿದಳು. ತಹಸೀನ್‌ಳ ಮದುವೆ ಎರಡನೆಯ ಜಾಗಕ್ಕೆ ಇಳಿಯತೊಡಗಿತು. ಎದ್ದ ಮೇಲೆ ಕುಬ್ರಾ ಬೇಗಂ ಆ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ಸು ಹತ್ತಿದರು. ಆ ರಾತ್ರಿಯೇ ಮುಸರ್ರತ್ ಮುಂದಿನ ವಾರದ ಮೂರು ಮನೆಯವರಿಗೆ ಹೇಳಲೆಂದು ಹೊಸ ಕರಾರಿನ ಚೀಟಿ ಬರೆದಳು: ‘ಒಂದು ಪ್ರತಿ ನನ್ನ ಹತ್ತಿರ, ಒಂದು ನಿಮ್ಮ ಮನೆಯ ಹೆಂಗಸರ ಹತ್ತಿರ.’ ಮೂರು ಸಲ ತಿದ್ದಿ ಬರೆದಳು.

ಬುಧವಾರ ಮೂರನೆಯ ಡಿಸ್ಕು, ಗುರುವಾರ ನಾಲ್ಕನೆಯದು. ಗುರುವಾರ ಸಂಜೆ ಹದಿ­ನೇಳನೆಯ ಹೆಜ್ಜೆಯನ್ನು ಎರಡು ಸಲ ಓದಿ ‘ಎಕ್ಸ್‌ಪ್ಯಾಂಡ್’ ಒತ್ತಿದಳು. ತೊಂಬತ್ತೆಂಟು ಇದ್ದದ್ದು ಇಳಿದು ನಲವತ್ತೊಂಬತ್ತಾಯಿತು; ಜಾಗ ಎರಡರಷ್ಟಾಗಿತ್ತು. ಯಾರಿಗಾದರೂ ಹೇಳಬೇಕೆನಿಸಿ ಮಾನ್ವಿಗೆ ಫೋನ್ ಮಾಡಿದಳು.

“ಖಾಲಾ, ಆತು. ಜಾಗ ಡಬಲ್ ಆಗ್ಯಾದ.”

ಕುಬ್ರಾ ಬೇಗಂ ಕೇಳಿದರು, “ಜಾಗ ದೊಡ್ಡದಾತಂದ್ರ ವಿಡಿಯೊನೂ ಉದ್ದ ಆಗ್ತದೇನು?”

“ಇಲ್ಲ ಖಾಲಾ.”

“ಅಲ್ಲಾ ದೊಡ್ಡವನು” ಎಂದು ಅವರು ಫೋನ್ ಇಟ್ಟರು.